ಸ್ಟಾಪು ತಪ್ಪಿಸುವ ನಾಟಕ

ನನ್ನ ಹೆಂಡತಿಯ ತಮ್ಮ ಇಲ್ಲಿಯವರೆಗೆ ಅರವತ್ತೆರಡು ಮಂದಿಗೆ ಮನೆಯ ದಾರಿ ತಪ್ಪಿಸಿದ್ದಾನೆ. ಗಾಬರಿಯಾಗಬೇಡಿ! ಅವನು ಕಳ್ಳನೂ ಅಲ್ಲ, ಸಂಸಾರ ಬಿಡಿಸುವ ಸ್ವಾಮಿಯೂ ಅಲ್ಲ. ನಾಟಕಕಾರ. ನನ್ನನ್ನು ಕೇಳಿದರೆ ಆ ಇಬ್ಬರೇ ವಾಸಿ. ಅವರು ಹಿಡಿದ ಕೆಲಸವನ್ನು ಒಂದು ದಿನ ಮುಗಿಸುತ್ತಾರೆ.

ಬೈಲಹೊಂಗಲದ ನಮ್ಮ ನಾಟಕದ ಬಳಗಕ್ಕೆ ಈತ ಹೊಸ ನಾಟಕ ಬರೆಯಲು ಕುಳಿತು ಒಂಬತ್ತು ವರ್ಷವಾಯಿತು. ರಂಗಮಂದಿರದ ಗೋಡೆಯ ಮೇಲೆ ಆಗಲೇ ‘ಹೊಸ ನಾಟಕ, ಶೀಘ್ರದಲ್ಲಿ’ ಎಂದು ಬರೆಸಿದ್ದೆವು. ‘ಶೀಘ್ರ’ದ ಬಣ್ಣ ಎರಡು ಸಲ ಉದುರಿತು, ಎರಡು ಸಲ ಮತ್ತೆ ಬಳಿಸಿದೆವು. ಬಣ್ಣ ಬಳಿಯುವವನನ್ನು ಮೂರನೆಯ ಸಲ ಕರೆದಾಗ, “ಸರ್, ಈ ಅಕ್ಷರಾ ಕಲ್ಲಾಗ ಕೆತ್ತಿಸಿಬಿಡ್ರಿ, ಚಲೋ ಬಾಳಕಿ ಬರ್ತೈತಿ” ಎಂದ.

ನಾನು ಬಳಗದ ಕಾರ್ಯದರ್ಶಿ. ನಿವೃತ್ತ ಗಣಿತದ ಮಾಸ್ತರ. ತಾಲೀಮಿಗೆ ಗಂಟೆ ಹೊಡೆಯುವವನೂ ನಾನೇ, ಹಾಜರಿ ಹಿಡಿಯುವವನೂ ನಾನೇ. ನೇಸರಗಿಯಲ್ಲಿ ನಮ್ಮ ಮನೆ ರಸ್ತೆಗೆ ಹತ್ತಿಕೊಂಡೇ ಇದೆ, ಬಸ್ಸು ಎದುರಿಗೇ ನಿಲ್ಲುತ್ತದೆ. ಮೂವತ್ತೊಂದು ವರ್ಷ ಬೆಳಿಗ್ಗೆ ಎಂಟು ಹತ್ತಕ್ಕೆ ಹೊಸ್ತಿಲು ದಾಟಿ ಬೈಲಹೊಂಗಲದ ಸಾಲೆಗೆ ಹೋಗಿದ್ದೇನೆ. ದಾಟಿದರೆ ಎದುರಿಗೆ ಬಸ್ಸು! ಒಂದು ದಿನ ತಪ್ಪಿದ್ದಿಲ್ಲ. ಪ್ರತಿ ಜೂನ್ ತಿಂಗಳು ಹೊಸ ಮಕ್ಕಳಿಗೆ ನನ್ನ ಮೊದಲ ಪಾಠವೇ ಇದು: “ಬಸ್ಸು ಕೂಡ ನನ್ನನ್ನು ನೋಡಿ ವೇಳೆ ಕಲಿತಿದೆ.” ಈಗಲೂ ತಾಲೀಮಿಗಾಗಿ ವಾರಕ್ಕೆ ಮೂರು ದಿನ ಅದೇ ಬಸ್ಸು, ಅದೇ ಎಂಟು ಹತ್ತು.

ಇಂಥ ನನಗೆ ಇಂಥ ಮೈದುನ! ಸಂಜೆ ಬೈಲಹೊಂಗಲದಿಂದ ನೇಸರಗಿ ಮೇಲೆ ಬೆಳಗಾವಿಗೆ ಹೋಗುವ ಬಸ್ಸಿಗೆ ಹತ್ತುತ್ತಾನೆ. ಕಂಬಿಗೆ ತೋಳು ಸುತ್ತಿ ನಿಂತು, ಹೊಸದಾಗಿ ಬರೆದ ದೃಶ್ಯವನ್ನು ಗಟ್ಟಿಯಾಗಿ ಓದುತ್ತಾನೆ. ಓದು ಕೇಳುತ್ತ ಯಾರಾದರೂ ತಮ್ಮ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತರೆ ದೃಶ್ಯ ಪಾಸು. ಎಲ್ಲರೂ ಅವರವರ ಊರಲ್ಲಿ ಇಳಿದುಬಿಟ್ಟರೆ ನಪಾಸು, ಆ ಹಾಳೆ ಕಿಟಕಿಯಿಂದ ಹೊರಗೆ.

“ಇದೇನು ಹುಚ್ಚೋ ತಮ್ಮಾ?” ಎಂದು ಕೇಳಿದೆ.

“ಮಾಮಾರ, ಚಪ್ಪಾಳಿ ಸುಳ್ಳ ಹೊಡೀತಾರ್ರಿ. ಸುಳ್ಳಸುಳ್ಳ ಸ್ಟಾಪ್ ಯಾರೂ ತಪ್ಪಿಸಿಕೊಳ್ಳೂದಿಲ್ಲ.”

ಮಾತಿನಲ್ಲಿ ತೂಕವಿತ್ತು. ಆದ್ದರಿಂದಲೇ ನಾನು ಅದನ್ನು ಒಪ್ಪಲಿಲ್ಲ.

ಸ್ಟಾಪು ತಪ್ಪಿದವರ ಲೆಕ್ಕಕ್ಕೆ ಅವನ ಹತ್ತಿರ ಒಂದು ನೋಟುಬುಕ್ಕಿದೆ. ‘ಎರಡನೆಯ ದೃಶ್ಯ: ಒಬ್ಬಾಕಿ ಅಜ್ಜಿ, ಒಂದು ಕೊತ್ತಂಬರಿ ಬುಟ್ಟಿ, ಒಂದು ಸ್ಟಾಪು.’ ಆ ಅಜ್ಜಿ ಇಳಿಯುವಾಗ ಬೈದ ಬೈಗುಳಗಳನ್ನೂ ಕೆಳಗೆ ಬರೆದುಕೊಂಡಿದ್ದಾನೆ. ಐದನೆಯ ದೃಶ್ಯದ ಅತ್ತೆಗೆ ಬೇಕಾಗುತ್ತವಂತೆ! ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ಆದಮೇಲೆ ಅವರು ಸ್ಟಾಪು ತಪ್ಪಿದರೂ ಪುಕ್ಕಟೆಯಾಗಿ ತಿರುಗಿ ಬರುತ್ತಾರೆ, ಅವರನ್ನು ಎಣಿಸಬಾರದು ಎಂದು ನಾನು ತಕರಾರು ತೆಗೆದೆ. ಅವನು ಒಂದು ವಾರ ಯೋಚಿಸಿ, ಅಜ್ಜಿಯನ್ನು ಅರ್ಧ ಮಾಡಿದ.

ಕಂಡಕ್ಟರನಿಗಂತೂ ಸಾಕಾಗಿಹೋಗಿತ್ತು. ಇವನು ಹತ್ತಿದ ಕೂಡಲೇ ಸೀಟಿ ಊದಿ ಕೂಗುತ್ತಿದ್ದ: “ನಾಟಕದವರು ಹತ್ಯಾರ್ರಿ! ನೇಸರಗಿ ಇಳಿಯವರು ಕಿವಿ ಮುಚ್ಚಿಕೊಂಡು ಕುಂದರ್ರಿ!”

ಒಮ್ಮೆ ಹುಣ್ಣಿಮೆಯ ದಿನ ಸವದತ್ತಿ ಬಸ್ಸಿನಲ್ಲಿ ಓದಿ ಬಂದು, ಹನ್ನೊಂದು ಮಂದಿ ಸ್ಟಾಪು ತಪ್ಪಿಸಿಕೊಂಡರೆಂದು ಮನೆಯಲ್ಲಿ ಪೇಢೆ ಹಂಚಿದ. ಹುಣ್ಣಿಮೆಯ ದಿನ ದೇವಿಯ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಕಾಲು ಎತ್ತಿದರೆ ಮತ್ತೆ ಊರಲು ಜಾಗವಿರುತ್ತದೆಯೇ? ಪಾಪ, ಆ ಹನ್ನೊಂದು ಮಂದಿ ಬಾಗಿಲಿನವರೆಗೆ ಬರಲಾಗದೆ “ಇಳಸ್ರೆಪೋ, ಇಳಸ್ರಿ!” ಎಂದು ಕೂಗಿದ್ದನ್ನು ಈತ “ಮತ್ತೆ ಓದಿರಿ” ಎಂಬ ಕೂಗು ಎಂದು ತಿಳಿದು, ಇನ್ನೂ ಎರಡು ಪುಟ ಓದಿದ್ದ. ಕಿತ್ತೂರಿನ ಬಸ್ಸಿನಲ್ಲಿ ರಾಣಿಯ ದೃಶ್ಯ ಓದಲು ಹೋದದ್ದು ಇನ್ನೂ ಚೆಂದ. ಆ ಊರಿನವರಿಗೆ ರಾಣಿಯ ಮಾತು ಕಲಿಸಬೇಕೇ? ಇವನು ಬಾಯಿ ತೆರೆಯುವ ಮೊದಲೇ ನಾಲ್ವರು ಎದ್ದು ನಿಂತು ತಮ್ಮ ತಮ್ಮ ರಾಣಿಯ ಮಾತು ಹೇಳಿದರು, ಡ್ರೈವರ್ ಇಂಗ್ಲಿಷ್ ಸಾಹೇಬನ ಪಾರ್ಟು ಮಾಡಿದ, ಬಸ್ಸು ಕಿತ್ತೂರಿಗೆ ಐದು ನಿಮಿಷ ಮೊದಲೇ ಮುಟ್ಟಿತು!

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಪ್ರಯಾಣಿಕರ ಸಲಹೆ. ನಾಟಕದ ಮೂರನೆಯ ಅಂಕದಲ್ಲಿ ಸೊಸೆ ಸಿಟ್ಟಿನಿಂದ ಮನೆ ಬಿಟ್ಟು ಹೊರಡುತ್ತಾಳೆ. ಕಟಕೋಳದ ಹಿರಿಯರೊಬ್ಬರು ಇದನ್ನು ಕೇಳಿ, “ಊಟದ ಹೊತ್ತಿನ್ಯಾಗ ಹೆಣ್ಣುಮಗಳನ್ನ ಉಪಾಸ ಕಳಸ್ತೀರೇನ್ರಿ? ಎಂಥಾ ಮನಿತನ!” ಎಂದರಂತೆ. ಮರುದಿನ ತಾಲೀಮಿನಲ್ಲಿ ನೋಡುತ್ತೇನೆ, ಸೊಸೆ ಬಾಗಿಲಿನವರೆಗೆ ಹೋಗಿ ತಿರುಗಿ ಬಂದು, ಎರಡು ರೊಟ್ಟಿ ತಿಂದು, ಕೈ ತೊಳೆದು, ಆಮೇಲೆ ಮನೆ ಬಿಡುತ್ತಾಳೆ.

“ಸರ್, ರೊಟ್ಟಿ ಅಗಕೋತ ಸಿಟ್ಟು ಹ್ಯಾಂಗ್ ಮಾಡಬೇಕ್ರಿ?” ಎಂದು ಪಾರ್ಟಿನ ಹುಡುಗಿ ಅಳುಮೋರೆ ಮಾಡಿದಳು.

“ಜೋಳದ ರೊಟ್ಟಿ ಐತೆಲ್ಲವಾ, ಕಡಕ್ ತಿನ್ನು, ಸಿಟ್ಟು ತಾನಾ ಬರ್ತೈತಿ” ಎಂದ ನಾಟಕಕಾರ.

ಇಷ್ಟೆಲ್ಲ ಆದಮೇಲೆ ಬಳಗದ ಏಳು ಮಂದಿಯ ತಾಳ್ಮೆ ಮುಗಿಯಿತು. ಮುಂದಿನ ಸೋಮವಾರ ಸಭೆ, ಕೈ ಎತ್ತಿ ತೀರ್ಮಾನ. ಮೂವರು ಈಗಲೇ, ಇವನ ನಾಟಕ ಆಡೋಣ ಎಂದರು. ಮೂವರು, ಗೋಡೆಗೆ ಸುಣ್ಣ ಬಳಿದು ಹಳೆಯ ಹಾಸ್ಯನಾಟಕವನ್ನೇ ಮತ್ತೆ ಆಡೋಣ ಎಂದರು. ಉಳಿದದ್ದು ನನ್ನ ಒಂದು ಕೈ. ಆ ಕೈ ಯಾವ ಕಡೆ ಏಳುತ್ತದೆಂದು ನನಗೆ ಅನುಮಾನವೇ ಇರಲಿಲ್ಲ. ಹೆಂಡತಿಗೂ ಇರಲಿಲ್ಲ. “ನನ್ನ ತಮ್ಮನ ನಾಟಕ ಬ್ಯಾಡ ಅಂದ್ರ, ಸಂಜಿ ಚಾ ನೀವ ಕಾಸ್ಕೋರಿ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಶನಿವಾರ ಸಂಜೆ ಬಸ್ಸಿನಲ್ಲಿ ಅವನು ನನ್ನ ಹತ್ತಿರ ಬಂದು ನಿಂತ. ಅಂದು ಕೈಯಲ್ಲಿ ಒಂದೇ ಹಾಳೆ.

“ಕಡೀ ದೃಶ್ಯ ಐತ್ರಿ ಮಾಮಾ. ಇದೂ ಬ್ಯಾಡ ಅಂದ್ರ ನಾ ಪೆನ್ನ ಕೆಳಗಿಡತೇನಿ. ಖರೇನ.”

“ಓದು. ನಾನಂತೂ ನೇಸರಗಿಗೇ ಇಳಿಯುವವ” ಎಂದು ಗಡಿಯಾರ ನೋಡಿಕೊಂಡೆ.

ಓದತೊಡಗಿದ. “ಮುಂದ ಗಂಡ. ಹಿಂದ ಮಾಳಿಗಿ ಮ್ಯಾಲ ಹೆಂಡ್ತಿ, ಆಕಿಗೆ ಮಾತಿಲ್ಲ. ಗಂಡ ಮಂದಿಗೆ ಹೇಳ್ತಾನ, ‘ಬಸ್ ಸೈತ ನನ್ನ ನೋಡಿ ಟೈಮ್ ಕಲತೈತಿ.’ ಹೇಳಿ ಒಳಗ ಹೋಗ್ತಾನ. ಅಷ್ಟರಾಗ ಬಸ್ ಬರ್ತೈತಿ. ಗಂಡ ಒಳಗ ಇನ್ನಾ ಬೂಟಿನ ದಾರ ಕಟ್ಟಾಕ ಹತ್ಯಾನ. ಹೆಂಡ್ತಿ ತಂತಿ ಮ್ಯಾಲಿನ ಕೆಂಪು ಟಾವೆಲ್ ತಗದು ಎತ್ತಿ ಹಿಡೀತಾಳ. ಬಸ್ ನಿಂದರತೈತಿ. ಗಂಡ ಹೊರಗ ಬಂದು ಗಡಿಯಾರ ನೋಡ್ತಾನ, ನಗತಾನ, ಹತ್ತತಾನ. ಹೆಂಡ್ತಿ ಟಾವೆಲ್ ತಿರಗಿ ತಂತಿಗೆ ಹಾಕ್ತಾಳ. ಹಿಂಗ ಮೂವತ್ತೊಂದು ವರ್ಷ.”

ಬಸ್ಸೆಲ್ಲ ನಕ್ಕಿತು. ನಾನೂ ನಗಲು ಬಾಯಿ ತೆರೆದೆ. ಆಗ ನಮ್ಮ ಮಾಳಿಗೆಯ ತಂತಿ ನೆನಪಾಯಿತು. ಅದರ ಮೇಲೆ ಸದಾ ಒಂದು ಕೆಂಪು ಟಾವೆಲ್ ಇರುತ್ತದೆ. ಅದರಿಂದ ಮನೆಯವರು ಯಾರೂ ಮೈ ಒರೆಸಿಕೊಂಡದ್ದನ್ನು ನಾನು ಈವರೆಗೆ ನೋಡಿಲ್ಲ.

ಕಂಡಕ್ಟರನ ಕಡೆ ನೋಡಿದೆ. ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ನನ್ನ ಪಾಸು ನೋಡಿದವನು. ಹೊರಗಿನ ಹೊಲದಲ್ಲಿ ಏನೋ ವಿಶೇಷ ಕಂಡವನಂತೆ ಮುಖ ತಿರುಗಿಸಿದ.

“ಖರೇ ಏನ್ರಿ?” ಎಂದೆ.

“ಹೊಸಾ ಡ್ರೈವರ್ ಬಂದಾಗೊಮ್ಮೆ ನಾವ ಹೇಳಿ ಕೊಡತಿದ್ದಿವ್ರಿ ಸರ್, ಮಾಸ್ತರ ಮಾಳಿಗಿ ಮ್ಯಾಲ ಕೆಂಪು ಟಾವೆಲ್ ಎದ್ರ ನಿಂದರ್ರಿ ಅಂತ.”

“ಎಷ್ಟು ಹೊತ್ತು ನಿಲ್ಲುತ್ತಿತ್ತು?”

“ಎಲ್ಡು ಮಿನಿಟ್ರಿ. ಒಮ್ಮೊಮ್ಮಿ ಐದು. ಅಕ್ಕಾರು ಹಬ್ಬಕ್ಕೊಮ್ಮೆ ಡಿಪೋಕ್ಕ ಹೋಳಿಗಿ ಕಳಸ್ತಿದ್ರಲ್ರಿ, ಯಾರೂ ಏನೂ ಅಂತಿರಲಿಲ್ಲ.”

ಪ್ರತಿ ಹಬ್ಬಕ್ಕೂ ನಮ್ಮ ಮನೆಯ ಹೋಳಿಗೆಯ ಲೆಕ್ಕ ಏಕೆ ಕೂಡುತ್ತಿರಲಿಲ್ಲವೆಂದು ಈ ಗಣಿತದ ಮಾಸ್ತರನಿಗೆ ಆಗ ತಿಳಿಯಿತು!

ಮೂವತ್ತೊಂದು ವರ್ಷದ ಹೋಳಿಗೆಯನ್ನು ಬೆರಳಲ್ಲಿ ಕೂಡಿಸತೊಡಗಿದೆ. “ಮಾಮಾರ,” ಎಂದು ಮೈದುನ ಮೆಲ್ಲಗೆ ಕರೆದ, “ನೇಸರಗಿ ಹಿಂದ ಹೋತ್ರಿ.” ಅವನ ಕೈಯಲ್ಲಿ ನೋಟುಬುಕ್ಕು ತೆರೆದಿತ್ತು, ಆದರೆ ಬರೆಯುವ ಧೈರ್ಯವಿರಲಿಲ್ಲ. ನಾನೇ ಪೆನ್ನು ಕಸಿದುಕೊಂಡು ಬರೆದೆ: ‘ಕೊನೆಯ ದೃಶ್ಯ: ಒಬ್ಬ ಮಾಸ್ತರ, ಎರಡು ಸ್ಟಾಪು.’ ಪಕ್ಕದಲ್ಲಿ ಒಟ್ಟು ಸಂಖ್ಯೆ ಹಾಕಿದೆ, ಅರವತ್ತೆರಡು.

ಎದುರು ಬಂದ ಬಸ್ಸು ಹಿಡಿದು ಮನೆ ಮುಟ್ಟುವಾಗ ಒಂದು ತಾಸು ತಡವಾಗಿತ್ತು.

“ಚಾ ಆರಿ ನೀರಾತು. ಎಲ್ಲಿಗೆ ಹೋಗಿದ್ರಿ?” ಎಂದಳು ಹೆಂಡತಿ.

“ಎರಡು ಸ್ಟಾಪ್ ಮುಂದಕ್ಕ.”

ನನ್ನ ಮುಖವನ್ನೇ ನೋಡಿದಳು. “ಅಂವ ಓದಿದ್ನೇನು?”

“ಹೂಂ.”

“ಮತ್ತ ಸೋಮವಾರ?”

“ಕೈ ಎತ್ತತೇನಿ. ರೊಟ್ಟಿ ತಿನ್ನೂದು ಮಾತ್ರ ತಗೀಬೇಕು.”

ಟಾವೆಲ್ಲಿನ ಸುದ್ದಿಯನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಸರಿಯಾಗಿ ಹೊಸ್ತಿಲು ದಾಟಿದೆ. ಎದುರಿಗೆ ಬಸ್ಸು ನಿಂತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹಿಂದೆ ತಿರುಗಿ ಮೇಲೆ ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವಳ ಕಣ್ಣು ಡ್ರೈವರನ ಮೇಲಿತ್ತು. ಎತ್ತಿದ ಎರಡೂ ಕೈಯಲ್ಲಿ ಕೆಂಪು ಟಾವೆಲ್.

ನನ್ನ ಬೂಟಿನ ದಾರ ಬಿಚ್ಚಿರಲಿಲ್ಲ. ಆದರೂ ಬಗ್ಗಿ, ಇನ್ನೊಮ್ಮೆ ನಿಧಾನವಾಗಿ ಕಟ್ಟಿಕೊಂಡೆ.