ಕಂಪ್ರೆಸರ್‌ಗೆ ಯಾವ ಎಣ್ಣೆ?

“ಪಾಮಾಯಿಲ್ ಸುರಿಯೋಕೆ ಇದೇನು ನಿಮ್ಮ ಸಾರಿನ ಗಡಿಗೆ ಅಂದ್ಕೊಂಡ್ರಾ, ಅರಾಬಾ ಆಂಟಿ? ಬಾಯಿ ಮುಚ್ಚಿ!”

“ನನ್ನ ಬಾಯಿ ಮುಚ್ಚಿಸೋಕೆ ನೀನ್ಯಾವನೋ, ಅಟ್ಟಾ? ನೀನು ಎಂಜಿನ್ ಆಯಿಲ್ ಹಾಕಿದ ಗಾಡಿಗಳೆಲ್ಲ ಗುಜರಿ ಸೇರಿವೆ!”

ಸ್ವೆದ್ರು ಪಟ್ಟಣದ ಬಸ್ ನಿಲ್ದಾಣದ ರಸ್ತೆಯಲ್ಲಿ ಮೆಕ್ಯಾನಿಕ್ ಅಟ್ಟಾ, ಪಾಮಾಯಿಲ್ ಮಾರುವ ಅರಾಬಾ ಇಬ್ಬರೂ ಕೈಕೈ ಮಿಲಾಯಿಸುವುದೊಂದು ಬಾಕಿ. ನಡುವೆ ಕೋಬಿನಾನ ಪಂಕ್ಚರ್ ಅಂಗಡಿಯ ಕಂಪ್ರೆಸರ್, ಅತ್ತೆ ಸೊಸೆ ಜಗಳಕ್ಕೆ ಸಿಕ್ಕ ಗಂಡಸಿನ ಹಾಗೆ ಮೂಕವಾಗಿ ಕುಳಿತಿತ್ತು. ಅದರ ಎಣ್ಣೆ ಬತ್ತಿತ್ತು.

ಕೋಬಿನಾನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಮಿನಿಬಸ್ ಸಂಘದ ಚೇರ್ಮನ್ ಇವತ್ತು ತಾನೇ ಬರುತ್ತೇನೆಂದು ಹೇಳಿಕಳಿಸಿದ್ದ. ಆ ಬಸ್ಸುಗಳಿಂದಲೇ ಅಂಗಡಿಯ ಒಲೆ ಉರಿಯುತ್ತಿತ್ತು. ಬಸ್ಸಿನ ಕೆಲಸವೆಲ್ಲ ಇನ್ನು ನಿನಗೇ ಎನ್ನಲು ಬರುತ್ತಾನೆ, ಇನ್ನೇನು! ಯಂತ್ರ ಮುಷ್ಕರ ಹೂಡಿದರೆ ಎಲ್ಲ ಮುಗಿಯಿತು.

“ಎಂಜಿನ್ ಆಯಿಲಲ್ಲಿ ಕೊಳೆ ತೊಳೆಯೋ ಮದ್ದಿರುತ್ತೆ, ನೊರೆ ಏಳುತ್ತೆ. ಇದಕ್ಕೆ ಇದರದ್ದೇ ಎಣ್ಣೆ ಬೇಕು! ನಾನು ಬರೋ ತನಕ ಯಾರೂ ಮುಟ್ಟಬೇಡಿ!” ಎಂದು ಕೂಗಿ ಕೋಬಿನಾ ಪೇಟೆಗೆ ಓಡಿದ.

ಒಂದು ಅಂಗಡಿಯವನು ಬ್ರೇಕ್ ಆಯಿಲ್ ತೋರಿಸಿದ. ಇನ್ನೊಬ್ಬ, “ಎಣ್ಣೆ ಅಂದ್ರೆ ಎಣ್ಣೆ ಕಣಯ್ಯಾ” ಎಂದು ವೇದಾಂತ ಹೇಳಿದ. ಕೊನೆಗೆ ಒಂದು ಮೂಲೆ ಅಂಗಡಿಯಲ್ಲಿ ಕಂಪ್ರೆಸರ್ ಚಿತ್ರವಿದ್ದ ಡಬ್ಬ ಸಿಕ್ಕಿತು.

ಏದುಸಿರು ಬಿಡುತ್ತ ಬಂದರೆ ಅಟ್ಟಾ, ಅರಾಬಾ ಒಂದೇ ಬೆಂಚಿನಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರು.

“ರಾಜಿ ಆಯ್ತು ಮಗಾ,” ಎಂದಳು ಅರಾಬಾ. “ಅವನದ್ದು ಅರ್ಧ, ನನ್ನದು ಅರ್ಧ ಸುರಿದ್ವಿ. ಮೇಲೆ ದಾರೀಲಿ ಹೋಗ್ತಿದ್ದ ಪಾದ್ರಿಗಳು ಪ್ರಾರ್ಥನೆ ಮಾಡಿದ ಎಣ್ಣೇನೂ ನಾಲ್ಕು ಹನಿ ಬಿಟ್ಟು ಹೋದ್ರು.”

“ನಿಮ್ಮ ಒಗ್ಗಟ್ಟಿಗೆ ಬೆಂಕಿ ಬೀಳ!”

ಕೋಬಿನಾ ಬೈದುಕೊಳ್ಳುತ್ತಲೇ ಕೆಳಗಿನ ಬಿರಡೆ ಬಿಚ್ಚಿದ. ಪಾಮಾಯಿಲ್ ಬೆರೆತ ಕೆಂಪನೆಯ ರಸ ಮದುವೆ ಮನೆಯ ಸಾರಿನಂತೆ ಸುರಿಯಿತು. ಹೊಸ ಎಣ್ಣೆಯಲ್ಲೇ ಒಳಗೆ ತೊಳೆದು, ಎಣ್ಣೆಯ ಮಟ್ಟ ತೋರಿಸುವ ಗಾಜಿನ ಕಣ್ಣಿನ ಅರ್ಧಕ್ಕೆ ಬರುವಷ್ಟು ತುಂಬಿ, ಗುಂಡಿ ಒತ್ತಿದ. ಹಾಲು ಕುಡಿದ ಬೆಕ್ಕಿನಂತೆ ಯಂತ್ರ ಗುರುಗುಟ್ಟಿತು.

ಅಷ್ಟರಲ್ಲೇ ಚೇರ್ಮನ್ ಬಂದ. ಆ ಊರಲ್ಲಿ, ಬಂದವರು ಕುಳಿತು ನೀರು ಕುಡಿಯುವ ಮೊದಲೇ ಬಂದ ಕಾರಣ ಕೇಳುವವನು ಮನುಷ್ಯನೇ ಅಲ್ಲ. ಕೋಬಿನಾ ಕುರ್ಚಿ ಹಾಕಿ ನೀರು ಕೊಟ್ಟ. ಚೇರ್ಮನ್ ಗುಟುಕು ಗುಟುಕಾಗಿ ಕುಡಿಯುತ್ತ ಹೆಂಡತಿ, ಮಕ್ಕಳು, ಮಾವನ ಮಂಡಿನೋವು ಎಲ್ಲ ವಿಚಾರಿಸಿದ. ಕೋಬಿನಾನಿಗೆ ಸುಮ್ಮನಿರಲು ಆಗಲಿಲ್ಲ.

“ಸದ್ದು ಕೇಳಿ ಚೇರ್ಮನ್ನರೇ! ಎಲ್ಲಾ ಎಣ್ಣೆಯ ಮಹಿಮೆ. ಈ ಡಬ್ಬದ್ದು ಬಿಟ್ಟು ಬೇರೆ ಹಾಕಿದ್ರೆ ಮಸಿ ಕಟ್ಟಿ ಕೆಟ್ಟುಹೋಗುತ್ತೆ. ಗಾಜಿನ ಅರ್ಧಕ್ಕೆ ನಿಲ್ಲಿಸಬೇಕು, ಮೇಲೆ ಹೋಗಬಾರದು.”

“ಅರ್ಧಕ್ಕೆ?”

“ಅರ್ಧಕ್ಕೇ!”

ಲೋಟ ಬರಿದಾಯಿತು.

“ಈಗ ಹೇಳಿ ಯಜಮಾನ್ರೇ, ಬಂದ ಕಾರಣ?”

“ಕಾರಣ ನೀನೇ ಹೇಳಿಬಿಟ್ಟೆಯಲ್ಲಪ್ಪ! ಸಂಘದವರು ನಿಲ್ದಾಣದಲ್ಲಿ ನಮ್ಮದೇ ದೊಡ್ಡ ಕಂಪ್ರೆಸರ್ ಹಾಕಿಸಿದ್ದೀವಿ. ಯಾವ ಎಣ್ಣೆ ಅಂತ ಯಾರಿಗೂ ಗೊತ್ತಿಲ್ಲ. ನಿನ್ನನ್ನ ಕೇಳೋಣ ಅಂತ ಬಂದೆ.”

ಚೇರ್ಮನ್ ಉಳಿದ ಎಣ್ಣೆಯ ಡಬ್ಬವನ್ನು ಕಂಕುಳಿಗೆ ಸೇರಿಸಿ, “ದೇವರು ಒಳ್ಳೇದು ಮಾಡ್ಲಿ” ಎಂದು ಹರಸಿ ಹೊರಟ. ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಅವನ ಬಸ್ಸುಗಳೂ ಅಷ್ಟೆ.