ಸಾಹೇಬರನ್ನು ಎತ್ತರ ಮಾಡಿದ ಫೋಟೊ

ಫೋಟೊ ಕೆಟ್ಟದಾಗಿ ಬಂತೆಂದು ಮುನಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಫೋಟೊ ಚೆನ್ನಾಗಿ ಬಂದು ಸಂಸಾರಕ್ಕೆ ಸಂಚಕಾರ ತಂದುಕೊಂಡವಳು ಬಹುಶಃ ನಾನೊಬ್ಬಳೇ. ನನ್ನ ಕೈಗೆ ಫೋನು ಬಂದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಒತ್ತುವುದು ನಾನು, ಅನುಭವಿಸುವುದು ಮನೆಮಂದಿಯೆಲ್ಲ.

ನಾನು ಧಾರವಾಡದವಳು, ಬ್ಯಾಂಕಿನಲ್ಲಿ ಅಧಿಕಾರಿ. ಯಜಮಾನರು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿದ್ದಾರೆ. ಮಗಳ ಶಾಲೆಯೂ ಅಲ್ಲೇ. ನನ್ನನ್ನು ಮಾತ್ರ ಬ್ಯಾಂಕಿನವರು ಎರ್ನಾಕುಲಂ ಶಾಖೆಗೆ ಹಾಕಿದ್ದರು. ವಾರವೆಲ್ಲ ಲೇಡೀಸ್ ಹಾಸ್ಟೆಲು, ವಾರದ ಕೊನೆಗೆ ರೈಲು. ಹಾಸ್ಟೆಲಿನಲ್ಲಿ ಸಂಜೆ ಹೊತ್ತು ಹೋಗದೆ ಫೋನಿನಲ್ಲಿ ಫೋಟೊ ತೆಗೆಯಲು ಕಲಿತೆ. ಸ್ಟೀಲ್ ಚಮಚದಲ್ಲಿ ಕಾಣುವ ಕಿಟಕಿ, ನೀರಿನ ಲೋಟದ ಆಚೆ ಡೊಂಕಾಗಿ ಕಾಣುವ ವಾರ್ಡನ್. ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಫೋನು ತಲೆಕೆಳಗೆ

ನಮ್ಮ ಶಾಖೆಯ ಚೀಫ್ ಮ್ಯಾನೇಜರ್ ಸಾಹೇಬರು ಒಳ್ಳೆಯವರು, ಕೆಲಸದಲ್ಲಿ ಖಡಕ್, ಆಳು ಮಾತ್ರ ಗಿಡ್ಡ. ಗ್ರೂಪ್ ಫೋಟೊ ಎಂದರೆ ಅವರಿಗೆ ಎಲ್ಲಿಲ್ಲದ ಸಂಕಟ. ಮುಂದೆ ನಿಲ್ಲಿಸಿದರೆ ಕುಳಿತಂತೆ ಕಾಣುತ್ತಾರೆ, ಹಿಂದೆ ನಿಲ್ಲಿಸಿದರೆ ಕಾಣುವುದೇ ಇಲ್ಲ.

ಶಾಖೆಯ ವಾರ್ಷಿಕೋತ್ಸವದ ದಿನ ಎಲ್ಲರೂ ಬೋಟ್ ಜೆಟ್ಟಿಗೆ ಹೋದೆವು. ಸಾಹೇಬರು ಒಬ್ಬರೇ ನೀರಿನ ಕಡೆ ಬೆನ್ನು ಮಾಡಿ ನಿಂತು, "ಒಂದು ತೆಗೆಯಿರಿ ಮೇಡಂ" ಎಂದರು. ನಾನು ಫೋನನ್ನು ತಲೆಕೆಳಗು ಮಾಡಿ, ಲೆನ್ಸು ನೆಲಕ್ಕೆ ತಾಗುವ ಹಾಗೆ ಹಿಡಿದು, ಅವರ ಬೂಟಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಅವರ ಮುಖ ಬಿಗಿಯಿತು. "ಮೇಡಂ, ನನ್ನ ಕಾಲಿನ ಫೋಟೊ ತೆಗೆಯುತ್ತಿದ್ದೀರಾ?"

ಸಿಬ್ಬಂದಿಯಲ್ಲಿ ಒಬ್ಬರು ಬಾಯಿಗೆ ಹಾಕಿದ ಬಾಳೆಕಾಯಿ ಚಿಪ್ಸನ್ನು ಜಗಿಯದೆ ಹಾಗೇ ಇಟ್ಟುಕೊಂಡಿದ್ದರು. ನಾನು ಫೋನು ಮುಂದೆ ಚಾಚಿದೆ. ಫೋಟೊದಲ್ಲಿ ಸಾಹೇಬರ ಕಾಲು ತೆಂಗಿನ ಮರದಷ್ಟು ಉದ್ದ. ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ದೈತ್ಯ ಕ್ರೇನುಗಳು ಅವರ ಭುಜಕ್ಕೆ ಬರುತ್ತಿದ್ದವು.

ಸಾಹೇಬರು ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. ಆಮೇಲೆ "ಅಡಿಪೊಳಿ!" ಎಂದರು, ಅಂದರೆ ಭರ್ಜರಿ. ನಮ್ಮಿಬ್ಬರ ಮಾತುಕತೆ ಇಂಗ್ಲಿಷಿನಲ್ಲಿ, ಅವರ ಸಂತೋಷ ಮಾತ್ರ ಮಲಯಾಳಂನಲ್ಲಿ.

ಮರುದಿನ ಕ್ಯಾಬಿನ್ನಿಗೆ ಕರೆದು ಗುಟ್ಟಿನಲ್ಲಿ ಹೇಳಿದರು: "ಫೋಟೊ ನೋಡಿ ನನ್ನ ಹೆಂಡತಿ ಕೇಳಿದಳು ಮೇಡಂ, ಬ್ಯಾಂಕಿಗೆ ಹೋದಾಗ ಮಾತ್ರ ಯಾಕೆ ಹೀಗೆ ಬೆಳೆಯುತ್ತೀರಿ ಅಂತ."

ಬದಲಿಗೆ ಬಂದವರು

ಅಲ್ಲಿಂದ ಶಾಖೆಯ ಪ್ರತಿ ಸಮಾರಂಭಕ್ಕೂ ಫೋಟೊಗ್ರಾಫರ್ ನಾನೇ. ಅಷ್ಟರಲ್ಲಿ, ಎಷ್ಟೋ ಕಾಲದಿಂದ ಕಾಯುತ್ತಿದ್ದ ನನ್ನ ವರ್ಗಾವಣೆ ಆದೇಶ ಬಂತು. ತಿರುವನಂತಪುರಕ್ಕೇ! ಸುದ್ದಿ ಹೇಳಲು ಫೋನು ಮಾಡಿದರೆ ಮಗಳು, "ಅಮ್ಮಾ, ಎನ್ನಾ ವರುನ್ನೆ?" ಎಂದಳು. ಯಾವತ್ತು ಬರುತ್ತೀ ಎಂಬುದನ್ನೂ ಅವಳು ಮಲಯಾಳಂನಲ್ಲೇ ಕೇಳುವ ಹಾಗಾಗಿದೆಯಲ್ಲ ಎಂದು ನನಗೆ ಅಳು ಬಂತು. "ಇದೇ ತಿಂಗಳು ಬರ್ತೇನಿ" ಎಂದು ಮಾತು ಕೊಟ್ಟುಬಿಟ್ಟೆ.

ನಮ್ಮಲ್ಲಿ ಆದೇಶ ಬಂದರೆ ಸಾಲದು, ಈಗಿರುವ ಶಾಖೆಯವರು ರಿಲೀವ್ ಮಾಡಬೇಕು. ತಿಂಗಳು ಮುಗಿಯುವುದರೊಳಗೆ ಮಾಡದಿದ್ದರೆ ಆದೇಶ ರದ್ದು. ಮತ್ತೆ ವರ್ಷಗಟ್ಟಲೆ ಕಾಯಬೇಕು.

ಸಾಹೇಬರು ಆದೇಶ ಓದಿ ಬಹಳ ನೊಂದುಕೊಂಡರು. "ನೀವು ಹೋದರೆ ಫೋಟೊ?"

"ಬದಲಿ ಬರ್ತಾರಂತೆ ಸಾರ್."

ಆ ವಾರವೇ ಬದಲಿ ಅಧಿಕಾರಿ ಬಂದು ಹಾಜರಾದರು. ಸಾಲದ ವಿಭಾಗದಲ್ಲಿ ಹೆಸರು ಮಾಡಿದ ಗಂಭೀರ ಮನುಷ್ಯ. ಇನ್ನು ನನ್ನ ಬಿಡುಗಡೆ ಖಚಿತ ಎಂದು ನಾನು ಕ್ಯಾಬಿನ್ನಿನ ಬಾಗಿಲಲ್ಲೇ ನಿಂತಿದ್ದೆ. ಸಾಹೇಬರು ಅವರನ್ನು ಕೇಳಿದ ಮೊದಲ ಪ್ರಶ್ನೆ, "ಫೋಟೊ ತೆಗೆಯಲು ಬರುತ್ತದೆಯೇ?"

ಪಾಪ, ಅವರು ಎದ್ದು ನಿಂತು ವಿನಯದಿಂದ ಉತ್ತರ ಕೊಟ್ಟರು. "ಇಲ್ಲ ಸಾರ್. ನಾನು ಬಂದರೆ ಜನ ಮುಖ ಮುಚ್ಚಿಕೊಂಡು ಓಡುತ್ತಾರೆ. ನಾನು ವಸೂಲಿಯವನು."

ತಲೆ ಇಲ್ಲದ ಸಮಾರಂಭ

ಸಾಹೇಬರು ರಿಲೀವ್ ಮಾಡಲು ಒಪ್ಪಲಿಲ್ಲವೆಂದು ಕೇಳಿ ಯಜಮಾನರು ಫೋನಿನಲ್ಲಿ ಸಿಡುಕಿದರು. "ಅಲ್ಲ, ನೀ ಛಲೋ ಫೋಟೊ ಯಾಕ ತೆಗೀತಿ? ನಾಕು ಕೆಟ್ಟ ಫೋಟೊ ತಗದು ಒಗಿ. ಅವರ ತಾವಾಗಿ ಕೈ ಮುಗದು ಕಳಸ್ತಾರ."

ನನ್ನ ಬುದ್ಧಿವಂತ ಗಂಡ ಇಷ್ಟು ಸರಳ ಉಪಾಯವನ್ನು ಇಷ್ಟು ತಡವಾಗಿ ಹೇಳಿದ್ದಕ್ಕೆ ನನಗೆ ಸಿಟ್ಟೇ ಬಂತು. ಆ ಶುಕ್ರವಾರ ಹಿರಿಯ ಗ್ರಾಹಕರಿಗೆ ಶಾಲು ಹೊದಿಸುವ ಕಾರ್ಯಕ್ರಮವಿತ್ತು. ನಾನು ಗಟ್ಟಿ ಮನಸ್ಸು ಮಾಡಿ ಎಲ್ಲರ ತಲೆಯನ್ನೂ ಕತ್ತರಿಸಿದೆ. ಕುತ್ತಿಗೆಯಿಂದ ಕೆಳಗೆ ಶಾಲು, ಕೈ, ಹೊಟ್ಟೆ. ಸಾಹೇಬರ ತಲೆಯನ್ನು ತೆಗೆಯುವಾಗ ಮಾತ್ರ ಕೈ ಸ್ವಲ್ಪ ಅಳುಕಿತು. ಮಗಳನ್ನು ನೆನೆದು ಒತ್ತಿದೆ.

ಸಾಹೇಬರು ಫೋಟೊಗಳನ್ನು ಒಂದೊಂದಾಗಿ ನೋಡಿದರು. ಹುಬ್ಬು ಗಂಟಿಕ್ಕಿತು. "ಒಬ್ಬರ ಮುಖವೂ ಇಲ್ಲ."

"ತಪ್ಪಾಯಿತು ಸಾರ್. ಈಚೆಗೆ ನನ್ನ ಕೈ ಹಿಡಿತದಲ್ಲಿಲ್ಲ" ಎಂದೆ. ಒಳಗೊಳಗೇ ರೈಲು ಹತ್ತಿಯಾಗಿತ್ತು.

ಅವರು ಕುರ್ಚಿಯಿಂದೆದ್ದು ಕಿಟಕಿಯ ಹತ್ತಿರ ಹೋದರು. ತಿರುಗಿದಾಗ ಅವರ ಕಣ್ಣು ಒದ್ದೆ. "ಸೇವೆಗೆ ಮುಖ ಯಾಕೆ ಮೇಡಂ? ಕೊಡುವ ಕೈ, ಪಡೆಯುವ ಕೈ! ಎಷ್ಟು ಕ್ರಿಯೇಟಿವ್! ಅಡಿಪೊಳಿ!"

ಶಾಖೆಯ ಗೋಡೆಗೆ ತಲೆಯಿಲ್ಲದ ಫೋಟೊಗಳು ಏರಿದವು. ನಾಲ್ಕು ದಿನ ಬಿಟ್ಟು ನಿವೃತ್ತ ಮೇಷ್ಟ್ರೊಬ್ಬರು ಬಂದು, ಶರ್ಟಿನ ಗುಂಡಿ ಕಿತ್ತ ಹೊಟ್ಟೆಯೊಂದನ್ನು ತೋರಿಸಿ, ಇದು ತಮ್ಮದೇ ಎಂದೂ ಕೂಡಲೇ ಖಾತೆ ಮುಚ್ಚಬೇಕೆಂದೂ ಕೂಗಾಡಿದರು. ಸಾಹೇಬರು ನನ್ನನ್ನೇ ಮುಂದೆ ಮಾಡಿದರು. ಅದು ಸಾಹೇಬರ ಹೊಟ್ಟೆ ಎಂದು ಆಣೆ ಮಾಡಿ ಆ ಖಾತೆ ಉಳಿಸಿದೆ.

ವಿಳಿಂಜದ ಬಂದರಿನಲ್ಲಿ

ಆ ವಾರ ತಿರುವನಂತಪುರಕ್ಕೆ ಹೋದಾಗ ಫೋನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ. ಆದರೆ ಮಗಳ ಶಾಲೆಯಲ್ಲಿ ಪ್ರತಿಬಿಂಬದ ಫೋಟೊ ತೆಗೆದು ತರಲು ಹೇಳಿದ್ದರು. ಅವಳ ಬಳಿ ಅಂಗೈಯಗಲದ ಹಳೆಯ ಡಿಜಿಟಲ್ ಕ್ಯಾಮೆರಾ ಇತ್ತು. ಮೂವರೂ ವಿಳಿಂಜಂ ಮೀನುಗಾರಿಕೆ ಬಂದರಿಗೆ ಹೋದೆವು. ಯಜಮಾನರು ಚಹಾ ತರಲು ಹೋದರು.

ದೋಣಿಗಳ ಎದುರು ಚಿಕ್ಕದೊಂದು ನೀರಿನ ಹೊಂಡ. ಕ್ಯಾಮೆರಾ ನೀರಿಗೆ ತಾಗುವಷ್ಟು ಕೆಳಗೆ ಹಿಡಿದರೆ ಇಡೀ ದೋಣಿ ತಲೆಕೆಳಗಾಗಿ ಕಾಣುತ್ತದೆ. ಮಗಳಿಗೆ ತೋರಿಸಿಕೊಡೋಣವೆಂದು ನಾನು ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿದೆ. ಕೈ ಅಲುಗಬಾರದಲ್ಲ.

"ಚೇಚಿ ವೀಣು!" ಎಂದು ಯಾರೋ ಕಿರುಚಿದರು. ಅಕ್ಕ ಬಿದ್ದಳು ಎಂದರ್ಥ. ಯಾವ ಅಕ್ಕ ಎಂದು ತಲೆ ಎತ್ತುವಷ್ಟರಲ್ಲಿ ಮೀನು ಮಾರುವ ಹೆಂಗಸರು ನನ್ನನ್ನು ಅಂಗಾತ ಮಾಡಿ ಮುಖಕ್ಕೆ ನೀರು ಎರಚಿದ್ದರು. ಅದು ಮೀನಿನ ಪೆಟ್ಟಿಗೆಯ ಐಸ್ ನೀರು. "ಎನಿಕ್ಕ್ ಒನ್ನುಮಿಲ್ಲ, ನನಗೇನೂ ಆಗಿಲ್ಲ" ಎಂದು ಹೇಳಲು ಬಾಯಿ ತೆರೆದರೆ ಬಾಯಿಗೂ ಹೋಯಿತು. ನಾನು ಕೆಮ್ಮಿದ್ದು ನೋಡಿ ಅವರ ಗಾಬರಿ ಹೆಚ್ಚಾಯಿತು. ನಾಲ್ವರು ಮೀನುಗಾರ ಅಣ್ಣಂದಿರು ಕೈಕಾಲು ಹಿಡಿದು ಎತ್ತಿದರು. ಮಗಳು ಹೇಳಬೇಕೋ ಬೇಡವೋ? ಅವಳು ನಗುವಿನಿಂದ ಬಗ್ಗಿಹೋಗಿದ್ದಳು. ಅಳುತ್ತಿದ್ದಾಳೆಂದು ತಿಳಿದು ಇಬ್ಬರು ಹೆಂಗಸರು ಅವಳನ್ನೂ ಸಮಾಧಾನ ಮಾಡುತ್ತಿದ್ದರು.

ಚಹಾ ಹಿಡಿದು ಬಂದ ಯಜಮಾನರು ಕಂಡದ್ದು, ತೊಟ್ಟಿಕ್ಕುವ ಹೆಂಡತಿಯನ್ನು ಆಟೊದೊಳಗೆ ತುಂಬುತ್ತಿರುವ ದೃಶ್ಯ. ಅವರ ಮುಖ ಬಿಳಿಚಿಕೊಂಡಿತು. ನಾನು "ರೀ, ಇಳಸ್ರೀ ನನ್ನ!" ಎಂದು ಕನ್ನಡದಲ್ಲಿ ಕೂಗಿದ ಮೇಲೆಯೇ ಅವರಿಗೆ ಜೀವ ಬಂದದ್ದು.

ಈ ಗದ್ದಲದಲ್ಲಿ ಕೈಯಲ್ಲಿದ್ದ ಕ್ಯಾಮೆರಾ ತಾನೇ ಫೋಟೊ ತೆಗೆದಿತ್ತು. ಅರ್ಧ ಬುಟ್ಟಿ, ಒಂದು ಲುಂಗಿಯ ಅಂಚು, ವಾಲಿದ ಆಕಾಶ, ಎಲ್ಲವೂ ಮಸುಕು. ಇದಕ್ಕಿಂತ ಕೆಟ್ಟ ಫೋಟೊ ಭೂಮಿಯ ಮೇಲಿರಲಾರದು ಎಂದು ಖುಷಿಯಾಗಿ ಸೋಮವಾರ ಸಾಹೇಬರಿಗೆ ತೋರಿಸಿದೆ. ಬುಧವಾರ ಅದು ಚೌಕಟ್ಟಿನೊಳಗೆ ಸೇರಿ ಶಾಖೆಯ ಮುಂಬಾಗಿಲಿಗೆ ಬಂತು. ಕೆಳಗೆ "ಜೀವನ" ಎಂದು ಬರೆಸಿದ್ದರು. ಗ್ರಾಹಕರು ಇದೇನೆಂದು ಕೇಳಿದರೆ ಸಾಹೇಬರು ಅದರ ಒಳಾರ್ಥ ವಿವರಿಸುತ್ತಿದ್ದರು. ಅವರು ಮನುಷ್ಯನ ಏಕಾಂತ ಎಂದು ಬೆರಳಿಟ್ಟು ತೋರಿಸುತ್ತಿದ್ದ ಮಸುಕು ಉಂಡೆ ನನ್ನ ಮೂಗು.

ಇದ್ದ ಹಾಗೆ

ತಿಂಗಳ ಕೊನೆಯ ದಿನ ಬಂದೇ ಬಂತು. ಸಂಜೆಯೊಳಗೆ ಸಹಿ ಆಗದಿದ್ದರೆ ನನ್ನ ಆದೇಶ ಕಸದ ಬುಟ್ಟಿಗೆ. ಬೆಳಿಗ್ಗೆಯಿಂದ ಕ್ಯಾಬಿನ್ನಿಗೆ ಹೋಗಿಬಂದು ಹೋಗಿಬಂದು ಕಾಲು ಸೋತಿತ್ತು. "ನೋಡೋಣ ಮೇಡಂ" ಎನ್ನುವುದನ್ನು ಬಿಟ್ಟು ಸಾಹೇಬರ ಬಾಯಿಂದ ಬೇರೆ ಮಾತಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ. ಮಗಳಿಗೆ ಏನೆಂದು ಹೇಳಲಿ? ಬಾತ್‌ರೂಮಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಬಂದರೆ ಸಾಹೇಬರ ಕರೆ. ಬ್ಯಾಂಕಿನ ಪತ್ರಿಕೆಯಲ್ಲಿ ಹಾಕಲು ಹೆಡ್ ಆಫೀಸಿನವರು ತಕ್ಷಣ ಅವರ ಫೋಟೊ ಕೇಳಿದ್ದರಂತೆ. ನೇರ ನಿಂತಿರಬೇಕು, ಹಿಂದೆ ಬಿಳಿ ಗೋಡೆ ಇರಬೇಕು. ಸಾಹೇಬರು ಟೈ ಸರಿಮಾಡಿಕೊಳ್ಳುತ್ತ ಹೇಳಿದರು: "ಇವತ್ತು ಕ್ರಿಯೇಟಿವ್ ಏನೂ ಬೇಡ ಮೇಡಂ. ನಾನು ಹೇಗಿದ್ದೇನೋ ಹಾಗೇ ತೆಗೆದರೆ ಸಾಕು."

ಆಣೆಯಾಗಿ ಹೇಳುತ್ತೇನೆ, ನನ್ನ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ಉಪಾಯ ಮಾಡುವ ತ್ರಾಣವೂ ಇರಲಿಲ್ಲ. ಇಷ್ಟು ದಿನ ಅವರೆದುರು ಕುಕ್ಕರಗಾಲಲ್ಲಿ ಕೂತು ತೆಗೆಯುತ್ತಿದ್ದವಳು, ಅವತ್ತು ಬೇಸರದಿಂದ ನೆಟ್ಟಗೆ ನಿಂತೆ. ನಾನು ಅವರಿಗಿಂತ ಒಂದು ಗೇಣು ಎತ್ತರ. ಟ್ಯೂಬ್‌ಲೈಟು ಅವರ ನೆತ್ತಿಯ ಮೇಲೇ ಇತ್ತು. ಒತ್ತಿ, ಫೋನು ಅವರ ಕೈಗೆ ಕೊಟ್ಟೆ.

ಸಾಹೇಬರು ನೋಡಿದರು. ಪಕ್ಕದಿಂದ ಎಳೆದು ಬಾಚಿದ ಕೂದಲಿನ ನಡುವೆ ಬಯಲಾದ ಬೋಳು, ಬಣ್ಣ ಹಚ್ಚಿದ ಮೀಸೆಯ ಬುಡದ ಬಿಳುಪು, ಟೈ ಮೇಲೆ ಕೂತ ಎರಡನೆಯ ಗದ್ದ, ಎಲ್ಲವೂ ಸ್ಪಷ್ಟ. ಒಂದು ಕೂದಲೂ ಮಸುಕಾಗಿರಲಿಲ್ಲ.

"ಇದು ಯಾರು?" ಎಂದರು.

"ನೀವೇ ಸಾರ್."

ಅವರು ಫೋನನ್ನು ಅಡ್ಡ ಮಾಡಿದರು, ಉದ್ದ ಮಾಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನಗೆ ಇದನ್ನೂ ಎಲ್ಲಿ ಅಡಿಪೊಳಿ ಎನ್ನುತ್ತಾರೋ ಎಂಬ ಭಯ. ಸಾಹೇಬರು ಮೆಲ್ಲಗೆ ಫೋನು ಮೇಜಿನ ಮೇಲಿಟ್ಟು, ನನ್ನನ್ನು ಬಹಳ ಮರುಕದಿಂದ ನೋಡಿದರು.

"ಕುಟುಂಬವನ್ನು ಬಿಟ್ಟು ಒಬ್ಬರೇ ಇದ್ದರೆ ಹೀಗೇ ಆಗುವುದು ಮೇಡಂ. ನಿಮ್ಮ ಕಲೆ ಪೂರ್ತಿ ಹೋಗಿಬಿಟ್ಟಿದೆ. ನಿಮ್ಮನ್ನು ಇನ್ನೂ ಇಲ್ಲಿ ಇಟ್ಟುಕೊಂಡರೆ ನನಗೆ ಪಾಪ ಬರುತ್ತದೆ." ಆಮೇಲೆ ನನ್ನ ಕಾಗದ ತರಿಸಿ, ಓದದೆ ಸಹಿ ಹಾಕಿದರು.

ಹಾಸ್ಟೆಲಿನಿಂದ ಬ್ಯಾಗು ಎಳೆದುಕೊಂಡು ಸ್ಟೇಷನ್ನಿಗೆ ಬಂದವಳೇ ಪ್ಲಾಟ್‌ಫಾರ್ಮಿನಿಂದ ಯಜಮಾನರಿಗೆ ಫೋನು ಮಾಡಿದೆ. ಅಳು, ನಗು ಎರಡೂ ಒಟ್ಟಿಗೆ ಬರುತ್ತಿದ್ದವು.

"ಬಿಟ್ರು ರೀ! ಇವತ್ತ ಬರ್ಲಿಕ್ಕತ್ತೇನಿ!"

"ಅಂಥಾ ಮನಷ್ಯಾ ಹೆಂಗ ಬಿಟ್ಟಾ? ಏನ ಮಾಡಿದಿ?"

"ಏನೂ ಮಾಡ್ಲಿಲ್ರೀ. ಇದ್ದವರನ್ನ ಇದ್ದಂಗ ಒಂದು ಫೋಟೊ ತಗದೆ, ಅಷ್ಟ."

ಯಜಮಾನರು ಮದುವೆಯಾದಾಗಿನಿಂದ ಎಂದೂ ಆಡದಷ್ಟು ಮೃದುವಾಗಿ ಕೇಳಿದರು.

"ಬರೂದು ಬಾ. ಆದ್ರ ಆ ಫೋನು ಅಲ್ಲೇ ಹಾಸ್ಟೆಲ್‌ನಾಗ ಬಿಟ್ಟು ಬರಲಿಕ್ಕೆ ಆಗೂದಿಲ್ಲೇನು?"