ನಾನೂರರ ಶೂರ

ಬಟ್ಟೆ ಒಗೆಯುವ ಮೆಷಿನ್ನು ಕೊನೆಯುಸಿರೆಳೆದ ದಿನ ಗಡಿಯಾರ ರಿಪೇರಿಯವರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದ್ದರು: "ಉಳಿತಾಯದ ದುಡ್ಡು ಮುಟ್ಟಬೇಡ. ಹೊಸ ಮೆಷಿನ್ನು ನಾನು ಪೋಕರ್‌ನಲ್ಲಿ ಗೆದ್ದು ತರ್ತೀನಿ." ಎರಡು ತಿಂಗಳಾಯಿತು. ಮೆಷಿನ್ನು ಬರಲಿಲ್ಲ, ಹೊಸ ಬಕೆಟ್ಟು ಬಂತು.

ಅವರ ಆಟಕ್ಕೊಂದು ಮಹಾಸಿದ್ಧಾಂತವಿತ್ತು. ಮೊಬೈಲಿನ ಆ ಇಸ್ಪೀಟು ಮೇಜಿಗೆ ಉಳಿದವರು ಸಾವಿರಗಟ್ಟಲೆ ಹಿಡಿದು ಬಂದರೆ, ಇವರು ನಿಯಮ ಒಪ್ಪುವ ಅತಿ ಕಡಿಮೆ ಮೊತ್ತ, ಅಂದರೆ ನಾನೂರು, ಹಿಡಿದು ಕೂರುವರು. ಒಳ್ಳೆಯ ಎಲೆ ಬರುವವರೆಗೆ ತಪಸ್ಸು. ಬಂದ ಕೂಡಲೇ ಇದ್ದದ್ದೆಲ್ಲ ಪಣಕ್ಕೆ. ಗೆದ್ದರೋ, ತಕ್ಷಣ ಎದ್ದು ಬೇರೆ ಮೇಜಿನಲ್ಲಿ ಮತ್ತೆ ನಾನೂರು. (ಮೇಜಿನವರು ಇವರನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಸಭ್ಯರು ಓದುವ ಕಡೆ ಬರೆಯುವಂತಿಲ್ಲ.) ಒಂದು ಮೇಜಿನಲ್ಲಿ ಬಂದದ್ದು ಇನ್ನೊಂದರಲ್ಲಿ ಹೋಗುತ್ತಿತ್ತು ಎಂಬುದನ್ನು ಮಾತ್ರ ಮನೆಯಲ್ಲಿ ಹೇಳುತ್ತಿರಲಿಲ್ಲ.

"ನೆಂಟರ ಮನೆಗೂ ನೀವು ಹೀಗೇ ಅಲ್ವೇನ್ರೀ? ಕೈಯಲ್ಲಿ ಒಂದು ಬಿಸ್ಕೆಟ್ ಪ್ಯಾಕು, ಊಟ ಆದ ತಕ್ಷಣ ಚಪ್ಪಲಿ ಹುಡುಕೋದು" ಎಂದಳು ಹೆಂಡತಿ. ಅವಳು ಡ್ರೈವಿಂಗ್ ಕಲಿಸುವ ಮೇಡಂ. ಕಂಡವರು ಓಡಿಸುವ ಕಾರಿನಲ್ಲಿ ಕೂತು ಬ್ರೇಕು ತುಳಿದೂ ತುಳಿದೂ ಜೀವ ಉಳಿಸಿಕೊಂಡವಳು.

"ಇದು ಶಿಸ್ತು ಕಣೇ. ಕಡಿಮೆ ಹಾಕಿದವನಿಗೆ ಭಯವೇ ಇಲ್ಲ."

ಭಾನುವಾರ ಬೆಳಿಗ್ಗೆ ಇಬ್ಬರೂ ಹೊದಿಕೆಯ ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದರು. ಬಚ್ಚಲ ಕಿಟಕಿಯಲ್ಲಿ ಒರಗಿಸಿಟ್ಟಿದ್ದ ಮೊಬೈಲಿನಲ್ಲಿ ಎರಡು ಎಕ್ಕ ಬಂದು ಕೂತವು. ಎರಡು ತಿಂಗಳ ತಪಸ್ಸಿಗೆ ದೇವರು ಪ್ರತ್ಯಕ್ಷ! ಇವರ ಒದ್ದೆ ಬೆರಳಿಗೆ ಮೊಬೈಲು ಜಪ್ಪಯ್ಯ ಅನ್ನಲಿಲ್ಲ.

"ಒತ್ತೇ! ಆ ಕೆಂಪು ಬಟನ್ನು ಒತ್ತೇ!"

ಅವಳ ಬಲಗಾಲು ತಾನಾಗಿಯೇ ನೆಲವನ್ನು ಅದುಮಿತು. ಆದರೂ ಕೈ ಸೆರಗಿಗೆ ಒರೆಸಿ ಒತ್ತಿದಳು. ಮೇಜಿನ ಇಬ್ಬರು ದೊಡ್ಡ ಕುಳಗಳೂ ಇದ್ದಬದ್ದದ್ದೆಲ್ಲ ಸುರಿದರು. ನಡುವಿನ ರಾಶಿ ಇಪ್ಪತ್ತೈದು ಸಾವಿರ! ಎಲೆಗಳು ತೆರೆದವು. ಎಲ್ಲರಿಗಿಂತ ಮೇಲು, ಇವರದೇ.

"ಗೆದ್ವಿ!" ಎಂದು ಅವರು ಹೊದಿಕೆಯ ಸಮೇತ ಕುಣಿದರು. ಹೆಂಡತಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸೀದಾ ಒಳಗೆ ಹೋಗಿ ಅಂಗಡಿಗೆ ಫೋನು ಮಾಡಿದಳು: "ಇಪ್ಪತ್ನಾಲ್ಕು ಸಾವಿರದ್ದು ನೋಡಿದ್ದೆನಲ್ಲ, ಅದೇ. ಇವತ್ತೇ ಕಳಿಸಿ."

ಅವಳು ತಿರುಗಿ ಬರುವಷ್ಟರಲ್ಲಿ ಗಂಡ ನೀರಿಳಿಯುವ ಹೊದಿಕೆ ಹೊದ್ದು ನಿಂತಿದ್ದರು.

"ನಮಗೆ ಬಂದಿದ್ದು ಸಾವಿರದ ಇನ್ನೂರು ಕಣೇ."

"ಇಪ್ಪತ್ತೈದು ಸಾವಿರ ಅಂತ ಕಣ್ಣಾರೆ ನೋಡಿದೆನಲ್ರೀ?"

"ನಾನು ಹಾಕಿದ್ದು ನಾನೂರು. ಒಬ್ಬೊಬ್ಬರಿಂದ ಅಷ್ಟೇ ನನಗೆ ಬರೋದು, ನನ್ನದೂ ಸೇರಿ ಮೂರು ನಾನೂರು. ಮಿಕ್ಕಿದ್ದು ಅವರಿಬ್ಬರ ನಡುವಿಂದು."

"ಅಂದ್ರೆ ನಿಮಗೆ ಸೋತವನು ಇಪ್ಪತ್ಮೂರು ಸಾವಿರ ಹೊಡ್ಕೊಂಡು ಹೋದ!"

"ಯಾರು ಎಷ್ಟು ಹಾಕ್ತಾರೋ ಅದರ ಲೆಕ್ಕಕ್ಕೆ ಸಿಗೋದು. ಅದೇ ನ್ಯಾಯ."

"ಓಹೋ" ಎಂದಳು ಮೇಡಂ. ಆ ಓಹೋಗೆ ಎಷ್ಟೋ ಜನ ಸ್ಟೇರಿಂಗು ಕೈಬಿಟ್ಟಿದ್ದಾರೆ.

ಸಂಜೆ ಮೆಷಿನ್ನು ಬಂತು. ಗಂಡ ತಮ್ಮ ಸಾವಿರದ ಇನ್ನೂರನ್ನು ಬಲು ಗತ್ತಿನಿಂದ ಟೇಬಲ್ಲಿನ ಮೇಲಿಟ್ಟರು. ಮಿಕ್ಕಿದ್ದನ್ನು ಅವಳು ತನ್ನ ಉಳಿತಾಯದಿಂದ ತುಂಬಿ, ತನ್ನ ಬಟ್ಟೆಗಳನ್ನೆಲ್ಲ ಒಳಗೆ ಹಾಕಿದಳು. ಇವರು ತಮ್ಮ ವಾರದ ರಾಶಿ ಹೊತ್ತು ತಂದರು.

"ನಿಲ್ಲಿ. ನೀವು ಹಾಕಿದ್ದು ಇಪ್ಪತ್ತರಲ್ಲಿ ಒಂದು ಪಾಲು." ಅವಳು ರಾಶಿಯನ್ನು ಎಣಿಸಿದಳು. ಸರಿಯಾಗಿ ಇಪ್ಪತ್ತು. ಅದರಿಂದ ಒಂದು ಕರ್ಚೀಫು ಆರಿಸಿ ಒಳಗೆ ಹಾಕಿ ಬಾಗಿಲು ಮುಚ್ಚಿದಳು.

"ಏನೇ ಇದು ಅನ್ಯಾಯ!"

"ಬೆಳಿಗ್ಗೆ ನ್ಯಾಯ ಆಗಿತ್ತಲ್ರೀ?"

ಹೊಸ ಮೆಷಿನ್ನು ಹಾಡುತ್ತ ತಿರುಗತೊಡಗಿತು. ನಾನೂರರ ಶೂರರು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಪಂಚೆಯ ಒಂದು ತುದಿಯನ್ನು ನಲ್ಲಿಗೆ ಕಟ್ಟಿ, ಇನ್ನೊಂದು ತುದಿಯಿಂದ ಒಬ್ಬರೇ ಹಿಂಡುತ್ತಿದ್ದರು.